ಕಾಕಾ ತಮ್ಮ ನಂಬರು ಬಿಟ್ಟುಕೊಟ್ಟ ವರ್ಷ

ನಮ್ಮ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಯಂತ್ರದ ಮೈಮೇಲೆ ಒಂದು ಮೊಬೈಲ್ ನಂಬರು ಬರೆದಿರುತ್ತದೆ. ಹಸಿರು ಬಣ್ಣದ ಮೇಲೆ ಬಿಳಿ ಅಂಕಿ. ಹೊಲದ ಬದುವಿನ ಮೇಲೆ ನಿಂತವರಿಗೂ ಓದಲು ಬರುವಷ್ಟು ದಪ್ಪ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನು ಆಫೀಸಿನ ನಂಬರು ಅಂದುಕೊಂಡಿದ್ದೆ. ಅದು ಮಾಲೀಕರ ಜೇಬಿನಲ್ಲಿರುವ ಫೋನಿನದು ಎಂದು ಗೊತ್ತಾದದ್ದು ಆಮೇಲೆ.

ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಾರೆ, ವೆಲ್ಡಿಂಗ್ ಮಾಡುವವರಿಂದ ಹಿಡಿದು ಲೆಕ್ಕಪತ್ರ ನೋಡುವವರ ತನಕ. ಹರೆಯದಲ್ಲಿ ಅವರು ಹುಬ್ಬಳ್ಳಿಯ ಹಳೇ ಪೇಟೆಯ ಒಂದು ತಗಡಿನ ಶೆಡ್ಡಿನಲ್ಲಿ ನೇಗಿಲು, ಕುಂಟೆ ರಿಪೇರಿ ಮಾಡುತ್ತಿದ್ದರಂತೆ. ಈಗ ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆ ಇದೆ. ನಾವು ಮಾಡುವುದು ಎರಡೇ ವಸ್ತು: ಟ್ರ್ಯಾಕ್ಟರಿಗೆ ಜೋಡಿಸುವ, ಬೀಜ ಬಿತ್ತುವ ಕೂರಿಗೆ, ಮತ್ತು ಕಾಳು ಒಕ್ಕುವ ಯಂತ್ರ. ಎರಡನೆಯದನ್ನು ನಮ್ಮ ಕಡೆ ರಾಶಿ ಮಷೀನು ಎನ್ನುತ್ತಾರೆ.

ನಾನು ಅಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಮನೆ ಉಣಕಲ್ಲಿನಲ್ಲಿ. ನನ್ನ ಗಂಡ ಧಾರವಾಡದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಬೆಳಿಗ್ಗೆ ಒಂದೇ ಬಾಗಿಲಿನಿಂದ ಹೊರಬಿದ್ದು ಅವರು ಆ ಕಡೆ, ನಾನು ಈ ಕಡೆ. ಸೇರಿದ ಮೊದಲ ವರ್ಷಗಳಲ್ಲಿ ಉಗ್ರಾಣದ ಲೆಕ್ಕ, ಪಗಾರ, ಬಿಲ್ಲು ಎಲ್ಲವನ್ನೂ ಕಂಪ್ಯೂಟರಿಗೆ ತಂದೆ. ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಕಾಕಾರ ಮಗ ಮ್ಯಾನೇಜಿಂಗ್ ಡೈರೆಕ್ಟರ್, ನಾವು ಎಂ.ಡಿ. ಸಾಹೇಬರು ಎನ್ನುತ್ತೇವೆ. ಓದಿದವರು, ಹೊಸದನ್ನು ಇಷ್ಟಪಡುವವರು. ನಾನು ಹೇಳಿ ಮುಗಿಸುವುದರೊಳಗೆ ಹೂಂ ಎನ್ನುತ್ತಿದ್ದರು. ಮೇಲಿನವರನ್ನು ಒಪ್ಪಿಸುವುದು ಇಷ್ಟು ಸುಲಭವೇ ಎಂದು ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಆ ಹೆಮ್ಮೆ ಇಳಿದದ್ದು ಈ ಫೋನಿನ ವಿಷಯದಲ್ಲಿ.

ಸುಗ್ಗಿ ಬಂತೆಂದರೆ ಕಾಕಾರ ಫೋನು ಬಡಿದುಕೊಳ್ಳಲು ಶುರುವಾಗುತ್ತಿತ್ತು. ಎಲ್ಲೋ ಬೆಲ್ಟು ಹರಿದಿರುತ್ತದೆ, ಎಲ್ಲೋ ಜರಡಿ ಕಟ್ಟಿಕೊಂಡಿರುತ್ತದೆ. ಕಾಕಾ ಎತ್ತಿ ಮಾತಾಡಿ, ಬಾಗಿಲಿಗೆ ಬಂದು ಅಂಗಳದಾಚೆಗಿನ ಸರ್ವೀಸ್ ಶೆಡ್ಡಿಗೆ ಕೂಗುತ್ತಿದ್ದರು. ಶೆಡ್ಡಿನವರು ಕೇಳಿಸಿಕೊಂಡರೆ ಮೆಕ್ಯಾನಿಕ್ ಹೊರಡುತ್ತಿದ್ದ. ಗ್ರೈಂಡರಿನ ಸದ್ದಿನಲ್ಲಿ ಊರಿನ ಹೆಸರು ತಪ್ಪು ಕೇಳಿಸಿದರೆ ಬೇರೆ ಊರಿಗೆ ಹೋಗುತ್ತಿದ್ದ. ಒಂದೇ ಊರಿಗೆ ಇಬ್ಬರು ಹೋಗಿ ಮುಖ ಮುಖ ನೋಡಿಕೊಂಡು ಬಂದದ್ದೂ ಉಂಟು. ಮುಖ್ಯವಾಗಿ, ಕಾಕಾ ಒಬ್ಬರ ಜೊತೆ ಮಾತಾಡುವಾಗ ಉಳಿದವರಿಗೆಲ್ಲ ಬಿಜಿ ಬರುತ್ತಿತ್ತು.

ಇದಕ್ಕೆ ನನ್ನ ಬಳಿ ಪರಿಹಾರವಿತ್ತು. ಎಲ್ಲ ಕರೆಗಳೂ ಒಂದು ಕೋಣೆಗೆ ಬರಬೇಕು, ಅಲ್ಲಿ ಕೂತವರು ದೂರು ದಾಖಲು ಮಾಡಬೇಕು, ಹತ್ತಿರದಲ್ಲಿರುವ ಮೆಕ್ಯಾನಿಕ್ಕನ ಮೊಬೈಲಿಗೆ ಊರು, ದಾರಿ, ತೊಂದರೆ ಎಲ್ಲ ತಾನಾಗಿ ಹೋಗಬೇಕು. ಎಂ.ಡಿ. ಸಾಹೇಬರಿಗೆ ಹೇಳಿದೆ. ಅವರ ಕಣ್ಣು ಅರಳಿತು. ಆದರೆ ಎಂದಿನ ಹಾಗೆ ಹೂಂ ಎನ್ನಲಿಲ್ಲ.

"ಇದು ಛಲೋ ಐತ್ರಿ ಮೇಡಂ. ಖರ್ಚಿಂದು ನನಗ ಬಿಡ್ರಿ. ಆದ್ರ ಅಪ್ಪಾರು ಹೂಂ ಅನ್ನಬೇಕು. ಸರ್ವೀಸಿನ್ಯಾಗ ಅವರನ್ನ ಕೇಳಲಾರದ ಒಂದು ನಟ್ಟೂ ತಿರುಗೂದಿಲ್ಲ."

ಒಪ್ಪಿಸಿದರಾಯಿತು ಎಂದುಕೊಂಡೆ. ಅಚ್ಚುಕಟ್ಟಾದ ಸ್ಲೈಡುಗಳನ್ನು ಮಾಡಿದೆ. ಕಾಕಾ ಮೀಟಿಂಗ್ ಕೋಣೆಗೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಫೋನನ್ನು ಟೋಪಿಯ ಪಕ್ಕದಲ್ಲಿಟ್ಟು ಕೂತರು. ನಾನು ಎರಡನೆಯ ಸ್ಲೈಡಿಗೆ ಬರುವಷ್ಟರಲ್ಲಿ ಫೋನು ಬಂತು. ಎತ್ತಿದರು. ಕುಂದಗೋಳದ ಕಡೆಯ ಯಾರದೋ ಮಷೀನು. ಮಾತು ಮುಗಿಯುವ ತನಕ ನಾನು ಪರದೆಯ ಮುಂದೆ ಕೈಕಟ್ಟಿ ನಿಂತೆ. ಮತ್ತೆ ಶುರುಮಾಡಿದೆ, ಮತ್ತೆ ಫೋನು. ಕೊನೆಯ ಸ್ಲೈಡಿನ ಹೊತ್ತಿಗೆ ಕೋಣೆಯಲ್ಲಿದ್ದವರಿಗೆಲ್ಲ ನನ್ನ ಯೋಜನೆಗಿಂತ ಕುಂದಗೋಳದ ಮಷೀನಿನ ವಿಷಯವೇ ಹೆಚ್ಚು ತಿಳಿದಿತ್ತು.

ಕಾಕಾ ಟೋಪಿ ಹಾಕಿಕೊಂಡು ಎದ್ದರು. "ಛಲೋ ಮಾಡೀ ತಂಗಿ. ಭಾಳ ಶ್ರಮಾ ತೊಗೊಂಡೀ. ಆದ್ರ ಇದು ನಮಗ ಬ್ಯಾಡ."

ಯಾಕೆ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮತ್ತೆ ಫೋನು ಬಂತು.

ಎರಡನೆಯ ಪ್ರಯತ್ನ ಇನ್ನೂ ಕೆಟ್ಟದಾಯಿತು. ನನ್ನ ಮಾತಿನಲ್ಲಿ ತೂಕ ಸಾಲದಿರಬಹುದು ಎಂದುಕೊಂಡು, ಇಂಥ ವ್ಯವಸ್ಥೆ ಮಾರುವ ಕಂಪನಿಯವರನ್ನೇ ಬೆಂಗಳೂರಿನಿಂದ ಕರೆಸಿದೆ. ಟೈ ಕಟ್ಟಿದ ಒಬ್ಬ ಚುರುಕಾದ ಮನುಷ್ಯ ಬಂದ. ಕಾಕಾರ ಕೈಗೆ ಒಂದು ಫೋನು ಕೊಟ್ಟು, "ಸರ್, ನೀವೇ ರೈತರು ಅಂತ ತಿಳ್ಕೊಳ್ಳಿ, ಕರೆ ಮಾಡಿ ನೋಡಿ" ಎಂದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದ. ಒಂದು ಹೆಣ್ಣು ದನಿ ಸಕ್ಕರೆ ಹಾಕಿದಂತೆ ಮಾತಾಡಿತು: ಕನ್ನಡಕ್ಕಾಗಿ ಒಂದನ್ನು ಒತ್ತಿ, ದೂರಿಗಾಗಿ ಎರಡನ್ನು ಒತ್ತಿ, ಬಿಡಿಭಾಗಗಳಿಗಾಗಿ ಮೂರನ್ನು ಒತ್ತಿ. ಕಾಕಾ ಕನ್ನಡಕ ಸರಿಮಾಡಿಕೊಂಡು ಹುಡುಕಿ ಹುಡುಕಿ ಏನೋ ಒತ್ತಿದರು.

"ಕ್ಷಮಿಸಿ, ನಿಮ್ಮ ಆಯ್ಕೆ ತಪ್ಪಾಗಿದೆ" ಎಂದಿತು ದನಿ.

ಕಾಕಾ ಫೋನನ್ನು ದೂರ ಹಿಡಿದು ನೋಡಿದರು. "ನನ್ನ ಕಾರ್ಖಾನ್ಯಾಗ ಕುಂತು, ನಂದ ತಪ್ಪು ಅನ್ನಾಕತ್ತೈತಲ್ಲೋ ಇದು!"

ಕೋಣೆಯಲ್ಲಿ ಎಲ್ಲರೂ ನಕ್ಕರು. ಎಂ.ಡಿ. ಸಾಹೇಬರೂ ನಕ್ಕರು. ಟೈ ಕಟ್ಟಿದವನೂ ನಗಬೇಕಾಯಿತು. ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರಾದರೂ ತಪ್ಪು ತಾಟು ಎತ್ತಿಕೊಂಡರೆ "ನಿಮ್ಮ ಆಯ್ಕೆ ತಪ್ಪಾಗಿದೆ" ಎನ್ನುವುದು ಶುರುವಾಯಿತು. ನನ್ನ ಯೋಜನೆ ಅಲ್ಲಿಗೆ ಮಣ್ಣಾಯಿತು ಎಂದೇ ತಿಳಿದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರೂ ನಕ್ಕುಬಿಟ್ಟರು. ನನಗೆ ಸಿಟ್ಟು ಬಂದು, ಆಮೇಲೆ ನಗುವೂ ಬಂತು.

ಆ ಚಳಿಗಾಲದ ಎಳ್ಳು ಅಮಾವಾಸ್ಯೆಗೆ ಕಾಕಾ ಎಂದಿನ ಹಾಗೆ ಆಫೀಸಿನವರನ್ನೆಲ್ಲ ತಮ್ಮ ಹೊಲಕ್ಕೆ ಊಟಕ್ಕೆ ಕರೆದರು. ಕಪ್ಪು ಮಣ್ಣಿನ ಯರಿ ಭೂಮಿ, ಎದೆಮಟ್ಟ ಬಂದ ಜೋಳ, ನಡುವೆ ಹೂವಾಡುವ ಕುಸುಬೆ. ಬನ್ನಿ ಗಿಡದ ಬುಡದಲ್ಲಿ ಪೂಜೆಯಾಯಿತು. ಹೊಲಕ್ಕೆ ಚರಗ ಚೆಲ್ಲಲು ಕಾಕಾ ಹೊರಟರು. ಎಡೆಯ ಬುಟ್ಟಿ ಹಿಡಿದವರ ಜೊತೆ ನಡೆಯುತ್ತ, ಬಲಗೈಯಿಂದ ಬೆಳೆಯ ಮೇಲೆ ಅನ್ನ ಎರಚುತ್ತ, ಎಡಗೈಯಲ್ಲಿ ಫೋನನ್ನು ಕಿವಿಗೆ ಹಿಡಿದಿದ್ದರು. ಭೂತಾಯಿಗೆ ಅರ್ಧ ಮಾತು, ಫೋನಿನವನಿಗೆ ಅರ್ಧ ಮಾತು.

ಕಾಕಾರ ಹೆಂಡತಿ ನನ್ನ ಪಕ್ಕದಲ್ಲೇ ಕೂತು ರೊಟ್ಟಿಯ ಮೇಲೆ ಎಣಗಾಯಿ ಹಾಕುತ್ತಿದ್ದರು. ಅವರನ್ನು ನಾವು ಕಾಕು ಎನ್ನುತ್ತೇವೆ. ಗಂಡನ ಕಡೆ ನೋಡಿ ತಲೆ ಕೊಡವಿದರು.

"ಕಣ್ಣಿಗೆ ಪೊರಿ ಬಂದೈತಿ. ಆಪರೇಶನ್ ಮಾಡಸ್ರಿ ಅಂತ ಡಾಕ್ಟರ್ ಹೇಳಿ ಎಷ್ಟ ದಿನಾ ಆತು. ಫೋನ್ ಬಂದ್ ಇಡಬೇಕಾಗತೈತಿ ಅಂತ ಮುಂದ ಹಾಕ್ಕೋಂತ ಹೊಂಟಾರ."

"ಅದಕ್ಕಂತನ ನಾನೂ ಹೇಳಿದ್ನಿ ಕಾಕು, ಆ ಫೋನಿಂದು ಬ್ಯಾರೆ ವ್ಯವಸ್ಥಾ ಮಾಡೋಣು ಅಂತ. ಕಾಕಾರು ಒಪ್ಪಲಿಲ್ರಿ."

ಕಾಕು ನನ್ನ ತಾಟಿಗೆ ಮತ್ತೊಂದು ಸಜ್ಜಿ ರೊಟ್ಟಿ ಹಾಕಿದರು. ಆಮೇಲೆ ದನಿ ತಗ್ಗಿಸಿದರು. "ಹೆಂಗ ಒಪ್ಪತಾರವ್ವಾ? ಕಾರ್ಖಾನಿ ಮಗಗ ಬಿಟ್ಟುಕೊಟ್ಟರು. ಖರೀದಿ ಅಂವಾ ನೋಡತಾನ, ಬ್ಯಾಂಕು ಅಂವಾ ನೋಡತಾನ, ಸಹಿ ಅವಂದು. ಅದು ಛಲೋನ ಆತು. ಈಗ ಇವರ ಪಾಲಿಗೆ ಉಳದದ್ದು ಆ ಫೋನ್ ಒಂದು. ಅದನ್ನೂ ಕೊಡ್ರಿ ಅಂತ ನೀ ಹೋಗಿ ಕೇಳಿದಿ."

ಹೊಲದ ಆ ತುದಿಯಲ್ಲಿ ಕಾಕಾ ಯಾರಿಗೋ ಜೋರಾಗಿ ನಗುತ್ತ ಏನೋ ಹೇಳುತ್ತಿದ್ದರು. ನಾನು ರೊಟ್ಟಿ ಮುರಿಯುವುದನ್ನು ಬಿಟ್ಟು ಅತ್ತ ನೋಡಿದೆ. ಸಮಯ ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ ಎಂದು ನಾನು ಸ್ಲೈಡಿನಲ್ಲಿ ತೋರಿಸಿದ್ದೆ. ಆ ಮನುಷ್ಯನಿಗೆ ಏನು ಉಳಿಯುತ್ತದೆ ಎಂಬುದು ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಮಾರನೆಯ ವಾರ ಕಾಕಾರ ಕೋಣೆಗೆ ಹೋದೆ. "ಕಾಕಾ, ಕಡಲಿ ರಾಶಿ ಶುರು ಆದಮ್ಯಾಲೆ ಸ್ವಲ್ಪ ದಿನಾ ನಿಮ್ಮ ಕೋಲ್ಯಾಗ ಕುಂದರಲೇನ್ರಿ? ಫೋನ್ ಹೆಂಗ ಬರತಾವು, ನೀವು ಹೆಂಗ ಮಾತಾಡತೀರಿ, ಕೇಳಬೇಕಾಗೇತಿ."

ಅವರು ನನ್ನನ್ನು ಅನುಮಾನದಿಂದ ನೋಡಿದರು. "ಮತ್ತ ಆ ಒಂದು ಒತ್ತ್ರಿ, ಎರಡು ಒತ್ತ್ರಿ ಏನ್?"

"ಇಲ್ರಿ. ಬರೇ ಕೇಳತೇನಿ."

"ಕುಂದರವಾ. ಕುಂದರಾಕ ನನ್ನದೇನು ಹೋಗೂದೈತಿ" ಎಂದು ನಕ್ಕರು.

ಆ ದಿನಗಳನ್ನು ನಾನು ಮರೆತಿಲ್ಲ. ನನ್ನ ಲ್ಯಾಪ್‌ಟಾಪು ಮುಚ್ಚಿಯೇ ಇರುತ್ತಿತ್ತು. ಕಾಕಾ ಫೋನೆತ್ತಿದರೆ ಮೊದಲು ಊರು ಕೇಳುತ್ತಿದ್ದರು, ಆಮೇಲೆ ಮನೆತನ, ಆಮೇಲೆ ಬೆಳೆ. ಬೆಳಗಿನ ಇಬ್ಬನಿ ಆರಿದೆಯೋ ಇಲ್ಲವೋ ಕೇಳುತ್ತಿದ್ದರು, ಏಕೆಂದರೆ ಹಸಿ ಕಡಲೆ ಹಾಕಿದರೆ ಮಷೀನು ಕಟ್ಟಿಕೊಳ್ಳುತ್ತದೆ. ಕಡೆಗೆ ಹೇಳುವುದು ಒಂದೇ ಮಾತು: "ಟ್ರ್ಯಾಕ್ಟರ್ ಚಾಲೂ ಮಾಡು. ಫೋನ್ ಮಷೀನ್ ಬಾಜೂಕ ಹಿಡಿ." ನವಲಗುಂದದ ಕಡೆಯ ಹೊಲದ ಗದ್ದಲ ಆ ಕೋಣೆಯನ್ನು ತುಂಬುತ್ತಿತ್ತು. ಕಾಕಾ ಕಣ್ಣು ಮುಚ್ಚಿ ಕೇಳಿ, "ಬೇರಿಂಗ್ ಅಲ್ಲೋ, ಬೆಲ್ಟ್ ಸಡಲ ಆಗೇತಿ. ಎಡಗಡೆ ಬೋಲ್ಟ್ ಸ್ವಲ್ಪ ಬಿಗಿ ಮಾಡು" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಗದ್ದಲ ಸಮನಾಗುತ್ತಿತ್ತು. ಅರ್ಧಕ್ಕರ್ಧ ಕರೆಗಳು ಮೆಕ್ಯಾನಿಕ್ ಇಲ್ಲದೆ ಅಲ್ಲಿಗೇ ಮುಗಿದುಹೋಗುತ್ತಿದ್ದವು. ಒಂದು ಒತ್ತಿ ಎರಡು ಒತ್ತಿ ಎನ್ನುವ ನನ್ನ ವ್ಯವಸ್ಥೆಯಲ್ಲಿ ಇದಕ್ಕೆಲ್ಲ ಜಾಗವೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನೂ ಕಂಡೆ. ಒಂದು ಕರೆ ಮುಗಿಸಿ ಫೋನು ಕೆಳಗಿಡುವಾಗ ಕಾಕಾ ಪರದೆಯನ್ನು ನೋಡುತ್ತಿದ್ದರು. ತಪ್ಪಿದ ಕರೆಗಳು ಕೆಂಪಗೆ ಸಾಲಾಗಿ ನಿಂತಿರುತ್ತಿದ್ದವು. ಅವರ ಮುಖ ಬಾಡುತ್ತಿತ್ತು. ಸಂಜೆಗೆ ಒಂದೊಂದಕ್ಕೂ ತಾವೇ ತಿರುಗಿ ಮಾಡುತ್ತಿದ್ದರು. ಅಷ್ಟು ಹೊತ್ತಿಗೆ ಕೆಲವರು ಬೇರೆ ಯಾರನ್ನೋ ಕರೆಸಿ ಹೇಗೋ ಮಾಡಿಕೊಂಡಿರುತ್ತಿದ್ದರು, ಕೆಲವರು ಎತ್ತುತ್ತಲೇ ಇರಲಿಲ್ಲ.

ಒಂದು ಸಂಜೆ ಕೇಳಿದೆ. "ಕಾಕಾ, ಈ ಕೆಂಪು ಬಂದದ್ದು ನೋಡಿ ನಿಮಗ ಸಂಕಟ ಆಗತೈತಿ, ಅಲ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಶೆಡ್ಡಿನ ಕಾಲದಾಗ ಒಂದ ಸಲ ಸಂಬಂಧಿಕರ ಲಗ್ನಕ್ಕಂತ ಬಾಗಲಾ ಹಾಕಿ ಹೋಗಿದ್ನಿ ತಂಗಿ. ತಿರಿಗಿ ಬಂದು ನೋಡಿದ್ರ, ಒಬ್ಬಾವ ಮುರದ ಕೂರಿಗಿ ತಾಳು ಬಗಲಾಗ ಇಟಗೊಂಡು ಕಟ್ಟಿಮ್ಯಾಲೆ ಕುಂತಾನ. ಮುಂಜಾನಿಂದ ಕುಂತಾನ. ನೆಲಾ ಹದಾ ಇದ್ದಿದ್ದು ಅವತ್ತ ಒಂದ ದಿನಾ. ನನಗ ಒಂದು ಬೈಗಳಾ ಬೈಲಿಲ್ಲಂವಾ. ಬೈದಿದ್ರ ಛಲೋ ಇತ್ತು." ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಅದಕ್ಕಂತನ ಮೊಬೈಲ್ ಬಂದ ಕೂಡಲೆ ನನ್ನ ನಂಬರ್ ಮಷೀನ್ ಮ್ಯಾಲೆ ಬರಸಿದ್ನಿ. ಈಗ ನೋಡು, ನಂಬರ್ ಐತಿ, ನಾ ಸಿಗವೊಲ್ಲೆ."

ಆಗ ನನ್ನ ಬಾಯಿಂದ ಯೋಚಿಸದೆಯೇ ಮಾತು ಬಂತು. "ಹಂಗಾರ ಕಾಕಾ, ನೀವು ಎತ್ತೂ ಕರೆ ನಿಮ್ಮವ. ನನಗ ಅವು ಬ್ಯಾಡ. ಈ ಕೆಂಪನೂವು ಅಷ್ಟ ಕೊಡ್ರಿ."

"ಅಂದ್ರ?"

"ನೀವು ಮಾತಾಡಾಕತ್ತಾಗ ಬಂದ ಕರೆ ಬಾಜೂ ಕೋಲ್ಯಾಗ ರಿಂಗ್ ಆಗಲಿ. ಅಲ್ಲೆ ಮನಷ್ಯಾರು ಕುಂತು ಮಾತಾಡತಾರ. ನೀವು ಕಲಿಸಿದಂಗ ಮಾತಾಡತಾರ. ಯಾವ ಗುಂಡಿನೂ ಒತ್ತೂದಿಲ್ಲ."

ಕಾಕಾ ನನ್ನನ್ನೇ ನೋಡಿದರು. "ತಪ್ಪಿದ್ದು ಅಷ್ಟ?"

"ತಪ್ಪಿದ್ದು ಅಷ್ಟ."

"ಹಂಗಾರ ನೋಡೋಣು."

ಕಂಪನಿಯ ಭಾಷೆಯಲ್ಲಿ ಹೇಳುವುದಾದರೆ ನನ್ನ ಯೋಜನೆಗೆ ಅನುಮೋದನೆ ಸಿಕ್ಕಿದ್ದು ಹೀಗೆ.

ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡೆವು. ಇಬ್ಬರೂ ಒಕ್ಕಲುತನದ ಮನೆಯವರು. ಒಬ್ಬಳು ಗರಗದಿಂದ ಬಸ್ಸಿಗೆ ಬರುತ್ತಿದ್ದಳು, ಮಾತಿನಮಲ್ಲಿ. ಇನ್ನೊಬ್ಬಳು ಹುಬ್ಬಳ್ಳಿಯವಳೇ, ಮಾತು ಕಡಿಮೆ, ಗಮನ ಹೆಚ್ಚು. ಅವರಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ, ಮಷೀನು ಕಲಿಸುವುದು ಕಾಕಾರದು. ಕಾಕಾ ಆ ಕೆಲಸಕ್ಕೆ ಇಳಿದ ರೀತಿ ನೋಡಿ ನನಗೇ ಆಶ್ಚರ್ಯವಾಯಿತು. ಇಬ್ಬರನ್ನೂ ಯಂತ್ರ ಪರೀಕ್ಷಿಸುವ ಅಂಗಳಕ್ಕೆ ಕರೆದೊಯ್ದು, ಮಷೀನಿಗೆ ಬೆನ್ನು ಮಾಡಿ ನಿಲ್ಲಿಸಿ, ತಾವೇ ಸ್ಪ್ಯಾನರ್ ಹಿಡಿದು ಒಮ್ಮೆ ಬೆಲ್ಟು ಸಡಿಲ ಮಾಡುವುದು, ಒಮ್ಮೆ ಜರಡಿಯ ಕೀಲು ಬಿಚ್ಚುವುದು. "ಈಗ ಏನಾತು ಹೇಳ್ರಿ ನೋಡೋಣು!" ತಪ್ಪು ಹೇಳಿದರೆ ಮತ್ತೊಮ್ಮೆ. ಸರಿ ಹೇಳಿದರೆ ಸುತ್ತ ಸೇರಿದ ಕೆಲಸಗಾರರ ಕಡೆ ತಿರುಗಿ, "ಕೇಳಿದ್ರೇನ್ರೋ!" ಎನ್ನುವುದು. ನಾನೂ ಒಂದು ದಿನ ಬೆನ್ನು ತಿರುಗಿಸಿ ನಿಂತೆ. ಒಂದೂ ಸರಿ ಹೇಳಲಿಲ್ಲ.

"ನಿನಗ ಕಂಪ್ಯೂಟರ್ ಸಾಕವಾ" ಎಂದರು ಕಾಕಾ.

ಎಂ.ಡಿ. ಸಾಹೇಬರು ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. ಒಮ್ಮೆ ನನ್ನ ಹತ್ತಿರ ಬಂದು, "ಅಪ್ಪಾರು ಇಷ್ಟ ಖುಷಿಯಿಂದ ಅಂಗಳಕ್ಕ ಇಳದದ್ದು ನೋಡಿ ಎಷ್ಟೋ ವರ್ಷ ಆಗಿತ್ರಿ" ಎಂದರು.

ಮುಂಗಾರಿನ ಬಿತ್ತನೆ ಸಣ್ಣಪುಟ್ಟ ಎಡವಟ್ಟುಗಳೊಂದಿಗೆ ದಾಟಿತು. ಒಂದು ದಿನ ಪೂರ್ತಿ ವ್ಯವಸ್ಥೆ ನಿಂತೇಹೋಯಿತು, ಮತ್ತೆ ಅಂಗಳದಾಚೆ ಕೂಗುವುದೇ ಗತಿಯಾಯಿತು. ಕಾಕಾ ನನ್ನನ್ನು ಛೇಡಿಸಿದರು, ಬೇಡ ಎನ್ನಲಿಲ್ಲ. ಅಷ್ಟರಲ್ಲಿ ಕಾಕು ತಮ್ಮ ಲೆಕ್ಕ ಹಾಕಿಕೊಂಡಿದ್ದರು. ಒಂದು ದಿನ ನೇರವಾಗಿ ಕಾರ್ಖಾನೆಗೇ ಬಂದರು. ಕರೆಯ ಕೋಣೆಗೆ ಬಂದು ಆ ಇಬ್ಬರು ಹುಡುಗಿಯರು ಮಾತಾಡುವುದನ್ನು ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ಗಂಡನ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಇನ್ನ ಏನ್ ನೆವಾ ಹೇಳತೀರಿ? ನಾಳೆ ಸತ್ತೂರ ದವಾಖಾನಿಗೆ ಹೋಗಿ ಡಾಕ್ಟರ್ ತಾರೀಖು ತೊಗೊಂಡು ಬರೋಣು."

"ಹೆಸರಿನ ರಾಶಿ ಬಂತಲ್ಲೇ..."

"ಪ್ರತಿ ಸಲಾ ಒಂದಿಲ್ಲೊಂದು ರಾಶಿ ಇರತೈತಿ. ಆ ಹುಡಿಗ್ಯಾರು ನೋಡಕೋತಾರ. ನಾ ಕೇಳಿ ಬಂದೇನಿ."

ಹೆಸರುಕಾಳಿನ ಸುಗ್ಗಿ ಎಂದರೆ ನಮ್ಮಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡಂತೆ. ಕಾಯಿ ಒಣಗುವುದಕ್ಕೂ ಮಳೆ ಬರುವುದಕ್ಕೂ ಸರಿಹೋಗಿರುತ್ತದೆ. ಒಂದು ದಿನ ಮಷೀನು ನಿಂತರೆ ಕಾಳು ಹೊಲದಲ್ಲೇ ಮೊಳಕೆ ಒಡೆಯುತ್ತದೆ. ಸರಿಯಾಗಿ ಆ ದಿನಗಳಲ್ಲೇ ಕಾಕಾರ ಕಣ್ಣಿನ ಆಪರೇಷನ್ನಿಗೆ ದಿನ ಸಿಕ್ಕಿತು. ಹಿಂದಿನ ಸಂಜೆ ಅವರು ನನ್ನನ್ನು ಕರೆದು ಫೋನನ್ನು ಮುಂದಿಟ್ಟರು.

"ಎಲ್ಲಾ ಕರೆ ಆ ಕಡೆ ತಿರಗಿಸಿಬಿಡು. ನಾಳೆ ಒಂದ ದಿನಾ."

ತಿರುಗಿಸಿದೆ. ಸರಿಯಾಗಿದೆಯೇ ಎಂದು ನನ್ನ ಫೋನಿನಿಂದ ಎರಡು ಸಲ ಕರೆ ಮಾಡಿ ನೋಡಿದೆ.

ಮರುದಿನ ಬೆಳಿಗ್ಗೆಯಿಂದಲೇ ಮೋಡ ಕವಿದಿತ್ತು. ಕರೆಗಳು ಒಂದರ ಬೆನ್ನಿಗೆ ಒಂದು ಬಂದವು. ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ಮೆಕ್ಯಾನಿಕ್ಕರು ಎಲ್ಲೆಲ್ಲಿದ್ದಾರೆ ಎಂದು ಚುಕ್ಕೆಗಳು ತೋರಿಸುತ್ತಿದ್ದವು. ಗರಗದ ಹುಡುಗಿ ಮಾತಾಡುತ್ತಿದ್ದಳು, ಇನ್ನೊಬ್ಬಳು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದಳು, ಥೇಟ್ ಕಾಕಾರಂತೆ. ನಾನು ಸುಮ್ಮನೆ ಚಹಾ ತಂದುಕೊಡುತ್ತಿದ್ದೆ. ನನಗೆ ಬೇರೆ ಕೆಲಸವೇ ಇರಲಿಲ್ಲ. ಅಣ್ಣಿಗೇರಿಯ ಕಡೆಯ ಒಬ್ಬ ರೈತರದು ಮಾತ್ರ ಸದ್ದಿನಿಂದ ತಿಳಿಯಲಿಲ್ಲ. ಹತ್ತಿರದ ಊರಲ್ಲೇ ಇದ್ದ ಮೆಕ್ಯಾನಿಕ್ಕನನ್ನು ಅಲ್ಲಿಗೆ ತಿರುಗಿಸಿದೆವು. ಮಳೆ ಹನಿಯುವ ಮುಂಚೆ ಅವರ ಕಾಳು ಚೀಲ ಸೇರಿತು ಎಂದು ಮಧ್ಯಾಹ್ನ ಅವರೇ ಫೋನು ಮಾಡಿ ಹೇಳಿದರು. ಆಗ ಮಾತ್ರ ನಾನು ಕುರ್ಚಿಯ ಮೇಲೆ ಕೂತೆ.

ಆದರೆ ನಾನು ನೆನೆಸದ ಒಂದು ಸಂಗತಿ ಅವತ್ತು ನಡೆಯಿತು. ಕರೆ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಕಾಕಾ ಎಲ್ಲೆ?" ಹುಡುಗಿಯರು ಕಣ್ಣಿನ ಆಪರೇಷನ್ ಎಂದು ಹೇಳುತ್ತಿದ್ದರು. ಸುದ್ದಿ ಹೊಲದಿಂದ ಹೊಲಕ್ಕೆ ಹೋಯಿತು. ಮರುದಿನದಿಂದ ಮಷೀನು ಕೆಟ್ಟಿರದವರೂ ಫೋನು ಮಾಡತೊಡಗಿದರು. "ಮಷೀನ್ ಛಲೋ ಐತ್ರಿ. ಕಾಕಾರ ಕಣ್ಣು ಹೆಂಗೈತಿ?"

ಒಂದೇ ದಿನ ಎಂದಿದ್ದ ಕಾಕಾ ವಾರದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕಾರ್ಖಾನೆಗೆ ಬಂದರು. ಬಗ್ಗಬಾರದು, ಪರದೆ ನೋಡಬಾರದು ಎಂದು ಡಾಕ್ಟರ್ ಹೇಳಿದ್ದರು. ತಮ್ಮ ಕೋಣೆಗೆ ಹೋಗದೆ ಕರೆಯ ಕೋಣೆಗೇ ಬಂದು ಗೋಡೆಗೆ ಒರಗಿ ಕೂತರು. ಹುಡುಗಿಯರು ಅವರಿಗೆ ಕೇಳಲೆಂದು ಸ್ಪೀಕರ್ ಹಾಕಿದರು. ಗದಗಿನ ಕಡೆಯ ಒಬ್ಬ ಮುದುಕರ ದನಿ ಬಂತು.

"ಯವ್ವಾ, ಕಾಕಾರಿಗೆ ಹೇಳು. ಹೊಸಾ ಹೆಸರಬ್ಯಾಳಿ ಮಾಡಸೇನಿ. ಕಣ್ಣಿಗೆ ತಂಪು. ಆ ಕಡೆ ಬರೂ ಮಂದಿ ಕೈಯಾಗ ಕಳಸತೇನಿ ಅಂತ ಹೇಳು."

ಗರಗದ ಹುಡುಗಿ ಕಾಕಾರ ಮುಖ ನೋಡಿದಳು. ಕಾಕಾ ಕೈ ಸನ್ನೆ ಮಾಡಿದರು, ಆಗಲಿ ಎನ್ನು ಎಂಬಂತೆ. ಕಪ್ಪು ಕನ್ನಡಕದೊಳಗೆ ಅವರ ಕಣ್ಣು ಹೇಗಿದ್ದವೋ ನನಗೆ ಕಾಣಲಿಲ್ಲ. ಅವತ್ತು ಬಹಳ ಹೊತ್ತು ಅಲ್ಲೇ ಕೂತಿದ್ದರು. ಒಂದೆರಡು ಬಾರಿ ಮಾತ್ರ "ಫೋನ್ ಮಷೀನಿಗೆ ಇನ್ನಷ್ಟ ಸನೇ ಹಿಡಿ ಅನ್ನು" ಎಂದು ನಡುವೆ ಹೇಳಿದರು. ಉಳಿದದ್ದೆಲ್ಲ ಹುಡುಗಿಯರಿಗೇ ಬಿಟ್ಟರು.

ದೀಪಾವಳಿಗೆ ಮುಂಚಿನ ಡೈರೆಕ್ಟರುಗಳ ಸಭೆಗೆ ನನ್ನನ್ನೂ ಕರೆದಿದ್ದರು. ಮತ್ತೆ ಸ್ಲೈಡು ಮಾಡಲೇ ಎಂದು ಎಂ.ಡಿ. ಸಾಹೇಬರನ್ನು ಕೇಳಿದ್ದೆ. "ಅಪ್ಪಾರು ಏನೋ ಹೇಳತಾರಂತ. ಬ್ಯಾಡ ಬಿಡ್ರಿ" ಎಂದಿದ್ದರು.

ಕಾಕಾ ಎದ್ದು ನಿಲ್ಲಲಿಲ್ಲ, ಕೂತೇ ಮಾತಾಡಿದರು. "ಆ ಕೋಲಿ ದೊಡ್ಡದು ಮಾಡ್ರಿ. ಇನ್ನೂ ನಾಕ ಮಂದಿ ತೊಗೋರಿ. ಎಲ್ಲಾ ಜಿಲ್ಲಾದ ಕರೆ ಅಲ್ಲೆ ಬರಲಿ." ಜೇಬಿನಿಂದ ಫೋನು ತೆಗೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. "ಈ ನಂಬರ್ ಇನ್ನಮ್ಯಾಲೆ ಕಂಪನೀದು. ಮಷೀನ್ ಮ್ಯಾಲೆ ಬರದದ್ದು ಅಳಿಸೂದು ಬ್ಯಾಡ. ನನಗೊಂದು ಹೊಸಾ ನಂಬರ್ ಕೊಡಸ್ರಿ."

ನಾನು ಫೋನನ್ನು ಎತ್ತಿಕೊಳ್ಳಲೋ ಬೇಡವೋ ಎಂದು ತಿಳಿಯದೆ ಕೂತಿದ್ದೆ. ಕಾಕಾರೇ, "ತೊಗೋ ತಂಗಿ, ಕಡಿಯೂದಿಲ್ಲ ಅದು" ಎಂದರು. ಎಲ್ಲರೂ ನಕ್ಕ ಮೇಲೆ ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಹೊಸ ನಂಬರು ಮನೆಯವರಿಗೆ ಮಾತ್ರ ಎಂದು ಕಾಕು ಕಟ್ಟುನಿಟ್ಟು ಮಾಡಿದ್ದರು. ಸಂಕ್ರಾಂತಿ ಬರುವ ಹೊತ್ತಿಗೆ ಅದು ಅರ್ಧ ಜಿಲ್ಲೆಗೆ ಗೊತ್ತಾಗಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಕಾಕಾ ಕಿಟಕಿಯಾಚೆ ನೋಡುತ್ತಾರೆ. ಆದರೆ ಆ ನಂಬರಿಗೆ ಬರುವ ಕರೆಗಳೇ ಬೇರೆ: ಮಳೆ, ಮಕ್ಕಳ ಲಗ್ನ, ಊರ ಸುದ್ದಿ. ಮಷೀನಿನ ಮಾತು ಬಂದರೆ, "ಅದನ್ನ ಹುಡಿಗ್ಯಾರಿಗೆ ಕೇಳೋ, ನನಗಿಂತ ಛಲೋ ಹೇಳತಾರ" ಎನ್ನುತ್ತಾರೆ.

ಈಗ ಕರೆಯ ಕೋಣೆ ಕಾರ್ಖಾನೆಯ ಮುಂಭಾಗಕ್ಕೆ ಬಂದಿದೆ, ದೊಡ್ಡ ಕಿಟಕಿಗಳಿವೆ. ಗರಗದ ಹುಡುಗಿ ಅದರ ಮುಖ್ಯಸ್ಥೆ. ಬೇರೆ ಕಾರ್ಖಾನೆಗಳವರು ನೋಡಲು ಬರುತ್ತಾರೆ, ಯಾವ ಕಂಪನಿಯ ಸಾಫ್ಟ್‌ವೇರು ಎಂದು ಕೇಳುತ್ತಾರೆ. ಹೇಳುತ್ತೇನೆ. ಮೇಲಿನವರನ್ನು ಹೇಗೆ ಒಪ್ಪಿಸಿದಿರಿ ಎಂದೂ ಕೆಲವರು ಕೇಳುತ್ತಾರೆ. ಅವರನ್ನು ಕಾಕಾರ ಹತ್ತಿರವೇ ಕಳಿಸುತ್ತೇನೆ. ಅವರು ಚಹಾ ಕುಡಿಸಿ, ಎಲ್ಲರಿಗೂ ಇದು ತಮ್ಮದೇ ವಿಚಾರವಾಗಿತ್ತು ಎಂದು ಹೇಳಿ ಕಳಿಸುತ್ತಾರೆ. ನನಗೆ ಅದರಲ್ಲಿ ಬೇಸರವಿಲ್ಲ. ಅರ್ಧ ಅವರದೇ.

ಕಳೆದ ತಿಂಗಳು ಒಂದು ಮುಂಜಾನೆ ನಾನು ಸ್ಕೂಟಿ ನಿಲ್ಲಿಸುತ್ತಿರುವಾಗಲೇ ಕಾಕಾ ಎದುರಿಗೆ ಬಂದರು. ಮೊಮ್ಮಗಳು ಅವರಿಗೆ ವಿಡಿಯೋ ಕರೆ ಮಾಡುವುದನ್ನು ಕಲಿಸಿದ್ದಳಂತೆ.

"ತಂಗಿ, ರೈತರ ಜೋಡಿನೂ ಹಿಂಗ ಮುಖಾ ನೋಡಿ ಮಾತಾಡಾಕ ಬರತೈತೇನು? ಮಷೀನ್ ಒಳಗಿಂದು ಕಾಣಬೇಕು. ಈಗ ಕಣ್ಣು ಛಲೋ ಆಗ್ಯಾವು ನನಗ."

"ಬರತೈತ್ರಿ ಕಾಕಾ. ಆದ್ರ ಅದಕ್ಕ ಬ್ಯಾರೆ ಸಾಮಾನು ಬೇಕು. ಎಂ.ಡಿ. ಸಾಹೇಬರು ಈ ವರ್ಷ ಹೊಸಾದೇನೂ ಬ್ಯಾಡ ಅಂದಾರ್ರಿ."

ಕಾಕಾ ಟೋಪಿ ಸರಿಮಾಡಿಕೊಂಡರು. "ಅಂವನ್ನ ಒಪ್ಪಸೂದು ನನಗ ಬಿಡು. ನೀ ಆ ನಿನ್ನ ಸ್ಲೈಡ್ ಅಷ್ಟ ಮಾಡು, ಕನ್ನಡದಾಗ ಮಾಡು" ಎಂದು ಮಗನ ಕೋಣೆಯ ಕಡೆ ಲಗುಬಗೆಯಿಂದ ಹೊರಟರು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಅವರ ಹಿಂದೆ ನಡೆದೆ.